ಎಡೆದೊರೆ ನಾಡಿನಲ್ಲಿ ‘ಅಪ್’ ಮತ್ತು ‘ಡೌನ್’

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸು ರೈಲ್ವೆಯ ಹಳಿಯೂ ರಾಯಚೂರಿನಲ್ಲಿ ಬಂದು ಕೂಡಿದ್ದು 1871ರಲ್ಲಿ. ಹಳಿಯೊಂದಿಗೆ ರೈಲಿನ ಪರಿಭಾಷೆಯೂ ಬಂತು. ಮುಂಬಯಿಗೆ ಹೋಗುವ ಗಾಡಿ ‘ಅಪ್’, ಮುಂಬಯಿಯಿಂದ ಬರುವ ಗಾಡಿ ‘ಡೌನ್’. ಸಮುದ್ರದ ದಂಡೆಯ ಮುಂಬಯಿ ರಾಯಚೂರಿಗಿಂತ ತಗ್ಗಿನಲ್ಲಿದೆ. ಆದರೂ ಅತ್ತ ಹೋಗುವುದು ‘ಮೇಲಕ್ಕೆ’, ಇತ್ತ ಬರುವುದು ‘ಕೆಳಕ್ಕೆ’! ಏರು ಇಳಿಜಾರುಗಳಿಗೂ ಈ ಪದಗಳಿಗೂ ಸಂಬಂಧವಿಲ್ಲ. ಮುಖ್ಯ ಕಚೇರಿ ಯಾವ ದಿಕ್ಕಿಗಿದೆ ಎಂಬುದೇ ಇಲ್ಲಿ ಲೆಕ್ಕ.

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳನ್ನು ಇಂದಿಗೂ ಕಾಡುವುದು ಇಂಥ ಸಣ್ಣ ಪದಗಳೇ. ‘ಗೆಟ್’ ಎಂದರೆ ಪಡೆ, ‘ಅಪ್’ ಎಂದರೆ ಮೇಲೆ. ಹಾಗಾದರೆ ‘ಗೆಟ್ ಅಪ್’ ಎಂದರೆ ಏಳು ಎಂದು ಹೇಗಾಯಿತು? ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು ಎಂದೇಕೆ? ದೊಡ್ಡ ದೊಡ್ಡ ಪದಗಳಿಗೆ ನಿಘಂಟಿನಲ್ಲಿ ಅರ್ಥ ಸಿಗುತ್ತದೆ. ಬಿಡಿಬಿಡಿಯಾಗಿ ಗೊತ್ತಿರುವ ಎರಡು ಚಿಕ್ಕ ಪದಗಳು ಕೂಡಿದಾಗ ಮಾತ್ರ ಅರ್ಥ ಕೈಗೆ ಸಿಗುವುದಿಲ್ಲ.

ಈ ತೊಡಕು ನಮ್ಮ ಮಕ್ಕಳದಷ್ಟೇ ಅಲ್ಲ. ಇಂಗ್ಲಿಷಿನ ಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಇದನ್ನು ಒಪ್ಪಿಕೊಂಡಿದ್ದಾನೆ. ‘ಕಮ್ ಆಫ್’, ‘ಫಾಲ್ ಆನ್’ ಮುಂತಾದ ಜೋಡಣೆಗಳನ್ನು ಉದಾಹರಿಸಿ, ಪರಭಾಷಿಕರಿಗೆ ಅತ್ಯಂತ ಕಷ್ಟವಾಗುವುದು ಇವೇ ಎಂದು ಹೇಳಿದ್ದಾನೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಬಹಳ ತಡವಾಗಿ, 1925ರಲ್ಲಿ, ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ಲೇಖಕನ ಪುಸ್ತಕದಲ್ಲಿ.

ಹಿಂದಿದ್ದದ್ದು ಮುಂದೆ ಬಂದ ಬಗೆ

ಹಳೆಯ ಇಂಗ್ಲಿಷಿನಲ್ಲಿ ಈ ಸಣ್ಣ ಪದಗಳು ಎಷ್ಟೋ ಸಲ ಕ್ರಿಯಾಪದಕ್ಕೆ ಮೊದಲೇ ಅಂಟಿಕೊಂಡು ಬರುತ್ತಿದ್ದವು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’ ಎಂಬ ಪದಗಳು ಆ ಕಾಲದ ಪಳೆಯುಳಿಕೆಗಳು. ಮುಂದಿನ ಶತಮಾನಗಳಲ್ಲಿ ಸಣ್ಣ ಪದ ಕ್ರಿಯಾಪದವನ್ನು ದಾಟಿ ಅದರ ನಂತರ ನಿಂತಿತು. ಸ್ಥಾನ ಬದಲಾದಂತೆ ಅರ್ಥವೂ ಬದಲಾಗಬಹುದು. ‘ಅಪ್‌ಹೋಲ್ಡ್’ ಎಂದರೆ ಎತ್ತಿಹಿಡಿ. ಅದೇ ಎರಡು ಪದ ತಿರುವುಮುರುವಾಗಿ ‘ಹೋಲ್ಡ್ ಅಪ್’ ಆದರೆ ತಡೆದು ನಿಲ್ಲಿಸು ಎಂದೂ ಆಗುತ್ತದೆ.

ಸಂಸ್ಕೃತದಲ್ಲಿಯೂ ಇಂಥದೇ ಒಂದು ಕಥೆಯಿದೆ. ‘ಉಪ’, ‘ಪ್ರ’, ‘ಅನು’ ಮೊದಲಾದ ಉಪಸರ್ಗಗಳು ಕ್ರಿಯೆಯೊಡನೆ ಕೂಡಿ ಅದರ ಅರ್ಥವನ್ನು ಬದಲಿಸುತ್ತವೆ. ಲೋಕಭಾಷೆಯಲ್ಲಿ ಇವು ಧಾತುವಿನ ಮೊದಲಿಗೆ ಬರಬೇಕು. ವೇದದ ಭಾಷೆಯಲ್ಲಾದರೆ ನಂತರವೂ ಬರಬಹುದು, ನಡುವೆ ಬೇರೆ ಪದಗಳಿದ್ದು ದೂರವೂ ನಿಲ್ಲಬಹುದು ಎಂದು ಪಾಣಿನಿ ಸೂತ್ರಗಳಲ್ಲಿ ಹೇಳಿದ್ದಾನೆ.

ಇದರ ಒಂದು ಸಾಕ್ಷಿ ರಾಯಚೂರು ಜಿಲ್ಲೆಯ ಬಂಡೆಯ ಮೇಲೆಯೇ ಇದೆ. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಪತ್ತೆಹಚ್ಚಿದ ಮಸ್ಕಿಯ ಅಶೋಕ ಶಾಸನ, ಅಶೋಕನ ಹೆಸರನ್ನೇ ಹೇಳುವುದರಿಂದ ಪ್ರಸಿದ್ಧವಾಗಿದೆ. ಆ ಪ್ರಾಕೃತ ಶಾಸನದಲ್ಲಿ, ತಾನು ಸಂಘದ ಬಳಿಗೆ ಹೋದುದನ್ನು ಹೇಳುವಾಗ ಅರಸ ಬಳಸಿರುವ ಪದ ‘ಉಪಗತೆ’. ‘ಗತ’ ಎಂದರೆ ಹೋದ. ‘ಉಪ’ ಎಂಬ ಸಣ್ಣ ಪದ ಸೇರಿದಾಗ ಹತ್ತಿರ ಹೋದ. ದೂರ ಹೋಗುವುದನ್ನು ಹತ್ತಿರ ಬರುವುದನ್ನಾಗಿ ತಿರುಗಿಸುವ ಶಕ್ತಿ ಈ ಎರಡಕ್ಷರಕ್ಕಿದೆ.

ಕನ್ನಡದ ದಾರಿ

ಹಾಗಾದರೆ ಕನ್ನಡದಲ್ಲಿ? ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಾಡಿನ ಹಳೆಯ ಹೆಸರು ಎಡೆದೊರೆ. ಎರಡು ತೊರೆಗಳ ಎಡೆ ಎಂದು ಅರ್ಥ. ಸ್ಥಳವನ್ನು ಸೂಚಿಸುವ ಪದವೊಂದು ನಾಡಿನ ಹೆಸರಿನಲ್ಲಿಯೇ ಕುಳಿತಿದೆ.

ಇಂಗ್ಲಿಷಿನ ‘ಪ್ರಿಪೊಸಿಷನ್’ ನಾಮಪದಕ್ಕೆ ಮೊದಲು ಬರುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯಗಳೂ ‘ಮೇಲೆ’, ‘ಒಳಗೆ’ ಮುಂತಾದ ಪದಗಳೂ ನಾಮಪದದ ನಂತರ ಬಂದು ಮಾಡುತ್ತವೆ. ಶಾಲೆಯಲ್ಲಿ ‘ಪ್ರಿಪೊಸಿಷನ್’ ಎಂಬುದನ್ನು ‘ಉಪಸರ್ಗ’ ಎಂದು ಅನುವಾದಿಸಿ ಹೇಳುವ ರೂಢಿಯಿದೆ. ಆದರೆ ಉಪಸರ್ಗ ಕ್ರಿಯೆಗೆ ಅಂಟುವುದು, ಪ್ರಿಪೊಸಿಷನ್ ನಾಮಪದವನ್ನು ಹಿಡಿಯುವುದು. ಗೊಂದಲ ಅಲ್ಲಿಂದಲೇ ಆರಂಭವಾಗುತ್ತದೆ.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಕೊನೆಯದನ್ನು ಅವ್ಯಯಗಳಿಗೇ ಮೀಸಲಿಟ್ಟಿದ್ದಾನೆ. ನಾಮಪದವೊಂದು ಕ್ರಿಯೆಯೊಡನೆ ಬೆಸೆದುಕೊಳ್ಳುವ ಕ್ರಿಯಾಸಮಾಸವನ್ನೂ ನಮ್ಮ ವೈಯಾಕರಣರು ಗುರುತಿಸಿದ್ದಾರೆ. ಕೈಬಿಡು, ಕೈಹಿಡಿ, ಕಣ್ತೆರೆ ಇಂಥವು. ‘ಗಿವ್ ಅಪ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಮಾತು ‘ಕೈಬಿಡು’. ಬಿಡಿಸಿ ನೋಡಿದರೆ ಇದೂ ಒಗಟೇ. ಕೈಯನ್ನು ಬಿಡುವುದಕ್ಕೂ ಕೆಲಸವನ್ನು ತೊರೆಯುವುದಕ್ಕೂ ಏನು ಸಂಬಂಧ ಎಂದು ಹೊರಗಿನವರು ಕೇಳಬಹುದು.

ಜಾನ್ಸನ್ನನ ನಿಘಂಟು ಹೊರಬಂದ 1755ರಲ್ಲಿಯೇ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಕಾಲವಾದರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಆ ಪರಂಪರೆಯ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಕೈಹಿಡಿ, ಕೈಬಿಡಬೇಡ ಎಂಬ ಮೊರೆ ದಾಸಸಾಹಿತ್ಯದಲ್ಲಿ ಹೊಸದಲ್ಲ. ಅಕ್ಷರ ಬಾರದ ಭಕ್ತರಿಗೂ ಅದಕ್ಕೆ ಟೀಕೆ ಬೇಕಾಗಲಿಲ್ಲ.

ಸ್ಥಳವಾಚಕಗಳದಂತೂ ದೊಡ್ಡ ಸಾಲು. ಮೇಲೇಳು, ಮುಂದುವರಿ, ಹಿಂತೆಗೆ, ಹೊರಹಾಕು, ಒಳಗೊಳ್ಳು. ‘ಹೊರಡು’ ಎಂಬ ನಿತ್ಯದ ಮಾತಿನೊಳಗೂ ‘ಹೊರ’ ಅಡಗಿದೆ. ‘ಗೆಟ್ ಅಪ್’, ‘ಗೋ ಆನ್’, ‘ಥ್ರೋ ಔಟ್’, ‘ಸೆಟ್ ಔಟ್’ ಇವುಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ ಕಟ್ಟಡ ಒಂದೇ ಎಂಬುದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಸಣ್ಣ ಪದ ಕ್ರಿಯೆಯ ನಂತರ, ಕನ್ನಡದಲ್ಲಿ ಕ್ರಿಯೆಗೆ ಮೊದಲು. ಮೂರು ಪದಗಳ ‘ಲುಕ್ ಫಾರ್ವರ್ಡ್ ಟು’ ಎಂಬುದನ್ನೂ ಹೀಗೆ ಬಿಡಿಸಬಹುದು. ‘ಫಾರ್ವರ್ಡ್’ ಕ್ರಿಯಾವಿಶೇಷಣ, ‘ಟು’ ಪ್ರಿಪೊಸಿಷನ್. ಕನ್ನಡದಲ್ಲಿ ಮೊದಲನೆಯದು ‘ಎದುರುನೋಡು’ ಎಂಬಲ್ಲಿನ ‘ಎದುರು’ ಆಯಿತು. ಎರಡನೆಯದು ‘ಮಳೆಯನ್ನು’ ಎಂಬಲ್ಲಿನ ‘ಅನ್ನು’ ಪ್ರತ್ಯಯವಾಯಿತು. ಮಳೆಯನ್ನು ಎದುರುನೋಡುವುದು ಯಾವುದೆಂದು ಮಾನ್ವಿ, ದೇವದುರ್ಗದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಇಂಗ್ಲಿಷಿನ ‘ಡೌನ್’ ಮೂಲದಲ್ಲಿ ‘ಗುಡ್ಡದಿಂದ’ ಎಂಬ ಅರ್ಥದ ಮಾತಿನ ಸವೆದ ರೂಪ. ‘ಬ್ಯಾಕ್’ ಎಂಬುದು ಬೆನ್ನು. ಕನ್ನಡದ ಬೆನ್ನಟ್ಟು, ಬೆನ್ನುಹತ್ತು ಇವುಗಳಲ್ಲಿಯೂ ಅದೇ ಬೆನ್ನು ಇದೆಯಲ್ಲವೆ? ಮನುಷ್ಯ ತನ್ನ ಮೈಯನ್ನೂ ತಾನು ನಿಂತ ನೆಲವನ್ನೂ ಅಳತೆಗೋಲು ಮಾಡಿಕೊಂಡು ಮಾತು ಕಟ್ಟಿದ್ದಾನೆ.

ಮೂರು ಭಾಷೆಯ ಊರು

ಎಲ್ಲ ಕಡೆಯೂ ಸ್ಥಳದ ಅರ್ಥ ಹುಡುಕಹೊರಟರೆ ಮಾತ್ರ ಮೋಸಹೋಗುತ್ತೇವೆ. ‘ರೈಟ್ ಡೌನ್’ ಎಂದರೆ ಕೆಳಗೆ ಬರೆ ಎಂದಲ್ಲ. ‘ಈಟ್ ಅಪ್’ ಎಂದರೆ ಮೇಲೆ ತಿನ್ನು ಎಂದೂ ಅಲ್ಲ. ಕೆಲಸ ಪೂರ್ತಿಯಾಗಲಿ ಎಂಬ ಛಾಯೆ ಇಲ್ಲಿದೆ. ಅದನ್ನು ಹೇಳಲು ಕನ್ನಡ ಎರಡನೆಯ ಕ್ರಿಯಾಪದವೊಂದನ್ನು ತರುತ್ತದೆ. ಬರೆದುಕೊ, ತಿಂದುಬಿಡು. ರಾಯಚೂರಿನ ಪೇಟೆಯಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಉರ್ದುವಿನವರು ‘ಲಿಖ್ ಲೋ’ ಎನ್ನುತ್ತಾರೆ, ತೆಲುಗಿನವರು ‘ರಾಸುಕೋ’, ಕನ್ನಡದವರು ‘ಬರಕೋ’. ಮೂರೂ ಒಂದೇ ಅಚ್ಚಿನವು. ಇಂಗ್ಲಿಷ್ ‘ಡೌನ್’ ಎಂದು ಮುಗಿಸುವಲ್ಲಿ ಈ ಊರಿನ ಮೂರು ಭಾಷೆಗಳೂ ‘ಕೊಳ್ಳು’ ಎನ್ನುತ್ತವೆ.

ಇಂಗ್ಲಿಷಿನ ಈ ಜೋಡಿಗಳು ಕನ್ನಡಕ್ಕೆ ಬಂದ ಮೇಲೆ ಪಟ್ಟ ಪಾಡೂ ಇದನ್ನೇ ತೋರಿಸುತ್ತದೆ. ‘ಚೆಕಪ್ ಮಾಡಿಸು’, ‘ಲಾಕಪ್‌ಗೆ ಹಾಕು’, ‘ಪಿಕಪ್ ಮಾಡು’. ಅಲ್ಲಿ ಕ್ರಿಯೆಯಾಗಿದ್ದದ್ದು ಇಲ್ಲಿ ನಾಮಪದವಾಗಿದೆ. ಕ್ರಿಯಾಪದದ ಪಟ್ಟವನ್ನು ಕನ್ನಡ ಬಿಟ್ಟುಕೊಟ್ಟಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಆಡಳಿತ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಮಾತು ಕನ್ನಡವಾಗಿದ್ದವರು ಉರ್ದುವಿನ ಮೂಲಕ ಇಂಗ್ಲಿಷನ್ನು ತಲುಪಬೇಕಾಗಿತ್ತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಬಂದ ಮೇಲೆ ಕನ್ನಡಕ್ಕೆ ಶಾಲೆಯ ಬಾಗಿಲು ಅಗಲವಾಗಿ ತೆರೆಯಿತು. 2007–08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಆದರೂ ಈ ಜೋಡಿಪದಗಳನ್ನು ಎಡಬಲ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ತಪ್ಪಿಲ್ಲ. ಪರೀಕ್ಷೆ ಮುಗಿದೊಡನೆ ಪಟ್ಟಿ ಮರೆತುಹೋಗುತ್ತದೆ. ಮುಂದೆ ನೌಕರಿಯ ಪರೀಕ್ಷೆಯಲ್ಲಿ ಅದೇ ಪದಗಳು ಎದುರು ನಿಲ್ಲುತ್ತವೆ. ತನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು ಹುಡುಗ ತೀರ್ಮಾನಿಸಿಬಿಡುತ್ತಾನೆ.

ಮನೆಯಲ್ಲಿ ‘ಮ್ಯಾಲ’, ‘ತೆಳಗ’, ‘ಹಿಂದ’, ‘ಮುಂದ’ ಎನ್ನುವ ಮಗು ಶಾಲೆಗೆ ಬಂದೊಡನೆ ಆ ಮಾತು ಅಶುದ್ಧವೆನಿಸಿಕೊಳ್ಳುತ್ತದೆ. ಆದರೆ ಇಂಗ್ಲಿಷಿನ ‘ಅಪ್’, ‘ಡೌನ್’, ‘ಬ್ಯಾಕ್’, ‘ಆನ್’ಗಳ ಬೀಗ ತೆರೆಯುವ ಕೀಲಿಕೈ ಇರುವುದು ಆ ಮಾತಿನಲ್ಲಿಯೇ. ‘ಹಿಂದ ಸರಿ’ ಎಂದರೆ ಏನೆಂದು ಬಲ್ಲ ದೇವದುರ್ಗದ ಹುಡುಗಿಗೆ ‘ಮೂವ್ ಬ್ಯಾಕ್’ ಹೊಸ ವಿದ್ಯೆಯಲ್ಲ. ಎರಡು ಪದಗಳ ಸ್ಥಾನ ಅದಲುಬದಲಾಗಿದೆ ಎಂದು ತೋರಿಸಿಕೊಡುವ ಮೇಷ್ಟರು ಬೇಕು, ಅಷ್ಟೆ.