ಮೈಕು ಯಾರ ಕೈಯಲ್ಲಿ: ಕ್ರಿಕೆಟ್ ವೀಕ್ಷಕ ವಿವರಣೆಗಾರರ ಏಳುಬೀಳಿನ ಚರಿತ್ರೆ

ಕ್ರಿಕೆಟ್ ವೀಕ್ಷಕ ವಿವರಣೆಗಾರರ ಬದುಕನ್ನು ಕುರಿತು ಬರೆದವರೆಲ್ಲ ಸಾಮಾನ್ಯವಾಗಿ ಅವರ ಗುಣಾವಗುಣಗಳ ಲೆಕ್ಕ ಹಾಕುತ್ತಾರೆ. ಒಬ್ಬರ ದನಿ ಚೆನ್ನಾಗಿತ್ತು, ಗೆದ್ದರು. ಇನ್ನೊಬ್ಬರು ನಾಲಿಗೆ ಹರಿಯಬಿಟ್ಟರು, ಸೋತರು. ಈ ವಿವರಣೆ ಕೇಳಲು ಹಿತವಾಗಿದೆ, ಆದರೆ ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಒಂದೇ ಬಗೆಯ ಮಾತಾಡಿದ ಇಬ್ಬರಲ್ಲಿ ಒಬ್ಬರು ಕೆಲಸ ಕಳೆದುಕೊಂಡು ಇನ್ನೊಬ್ಬರು ಮೂವತ್ತು ವರ್ಷ ಉಳಿದದ್ದುಂಟು. ಮಾತಾಡಿದಾಗ ಉಳಿದವರು, ತಿಂಗಳುಗಳು ಕಳೆದ ಮೇಲೆ ಹೊರಬಿದ್ದದ್ದೂ ಉಂಟು. ಈ ಅಸಂಗತಿಗಳನ್ನು ಬಿಡಿಸಬೇಕಾದರೆ ವಿವರಣೆಗಾರರ ಬಾಯಿಗಿಂತ ಹೆಚ್ಚಾಗಿ ಅವರಿಗೆ ಸಂಬಳ ಕೊಡುವ ಕೈಯನ್ನು ನೋಡಬೇಕು ಎಂಬುದು ಈ ಲೇಖನದ ವಾದ. ಮೈಕಿನ ಒಡೆತನ ಸರ್ಕಾರದಿಂದ ಖಾಸಗಿ ವಾಹಿನಿಗೆ, ಅಲ್ಲಿಂದ ಆಟವನ್ನು ನಡೆಸುವ ಮಂಡಳಿಗೇ ದಾಟಿದಂತೆ ವಿವರಣೆಗಾರರು ಏಳುವ ಮತ್ತು ಬೀಳುವ ರೀತಿಯೂ ಬದಲಾಗಿದೆ.

ಭಾರತದ ಮಟ್ಟಿಗೆ ಈ ಚರಿತ್ರೆ ಬಾಬಿ ತಲ್ಯಾರ್‌ಖಾನ್ ಅವರಿಂದ ಶುರುವಾಗುತ್ತದೆ. 1934ರಲ್ಲಿ ಬೊಂಬಾಯಿಯ ಚತುಷ್ಕೋನ ಟೂರ್ನಿಯಲ್ಲಿ ಅವರು ಮೈಕು ಹಿಡಿದಾಗ ಆಕಾಶವಾಣಿಗೆ 'ಆಲ್ ಇಂಡಿಯಾ ರೇಡಿಯೊ' ಎಂಬ ಹೆಸರೂ ಇನ್ನೂ ಬಂದಿರಲಿಲ್ಲ. ಊಟ ಮತ್ತು ಚಹಾ ವಿರಾಮ ಬಿಟ್ಟರೆ ಇಡೀ ದಿನ ಒಬ್ಬರೇ ಮಾತಾಡುವುದು ಅವರ ಪದ್ಧತಿ. ಜನರಿಗೂ ಅದು ಒಗ್ಗಿತ್ತು. ಪಂದ್ಯವೆಂದರೆ ತಲ್ಯಾರ್‌ಖಾನ್ ದನಿ ಎಂಬಷ್ಟು. ಸ್ವಾತಂತ್ರ್ಯ ಬಂದ ಮೇಲೆ, 1948–49ರ ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ, ಒಬ್ಬರ ಬದಲು ವಿವರಣೆಗಾರರ ತಂಡ ಇರಬೇಕೆಂದು ಆಕಾಶವಾಣಿ ತೀರ್ಮಾನಿಸಿತು. ಮೈಕು ಹಂಚಿಕೊಳ್ಳಲೊಲ್ಲದ ತಲ್ಯಾರ್‌ಖಾನ್ ಎದ್ದುಹೋದರು. ಇದನ್ನು ಅಹಂಕಾರದ ಕಥೆಯಾಗಿ ಹೇಳುವುದು ವಾಡಿಕೆ, ಅದರಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೆ ಗಮನಿಸಬೇಕಾದದ್ದು ಬೇರೆ. ಅಂದು ದೇಶದಲ್ಲಿ ಇದ್ದದ್ದು ಒಂದೇ ಬಾನುಲಿ. ಅಲ್ಲಿಂದ ಹೊರಬಂದವರಿಗೆ ಹೋಗಲು ಎರಡನೆಯ ಮೈಕು ಇರಲಿಲ್ಲ. ಎಷ್ಟೇ ದೊಡ್ಡ ಹೆಸರಾಗಿದ್ದರೂ ಅವರಿಗೆ ಉಳಿದದ್ದು ಪತ್ರಿಕೆಯ ಅಂಕಣ ಮಾತ್ರ. ಅವರು ಹೊರಬಿದ್ದದ್ದು ಆಟದ ಆಡಳಿತವನ್ನು ಟೀಕಿಸಿದ್ದಕ್ಕೂ ಅಲ್ಲ. ಕ್ರಿಕೆಟ್ ಮಂಡಳಿಗೆ ಆಗ ಬಾನುಲಿಯ ಮೇಲೆ ಹಿಡಿತವೇ ಇರಲಿಲ್ಲ.

ಒಡೆತನ ಎಷ್ಟು ಮುಖ್ಯವೆಂಬುದನ್ನು ಹೊರದೇಶದ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಜಾನ್ ಆರ್ಲಟ್ 1946ರಿಂದ ಬಿಬಿಸಿ ಬಾನುಲಿಯಲ್ಲಿ ಕ್ರಿಕೆಟ್ ವಿವರಣೆ ಕೊಡುತ್ತಿದ್ದವರು. 1970ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ತಂಡ ಇಂಗ್ಲೆಂಡಿಗೆ ಬರುವುದಿತ್ತು. ಇಂಗ್ಲೆಂಡಿನ ಕ್ರಿಕೆಟ್ ಆಡಳಿತ ಆ ಪ್ರವಾಸವನ್ನು ನಡೆಸಲು ಹಠ ಹಿಡಿದಿತ್ತು. ಆ ಪಂದ್ಯಗಳಿಗೆ ತಾನು ವಿವರಣೆ ಕೊಡುವುದಿಲ್ಲವೆಂದು ಆರ್ಲಟ್ 'ಗಾರ್ಡಿಯನ್' ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಆಡಳಿತಕ್ಕೆ ಇದಕ್ಕಿಂತ ನೇರವಾದ ಧಿಕ್ಕಾರ ಬೇಕೆ? ಪ್ರವಾಸ ರದ್ದಾಯಿತು, ಆರ್ಲಟ್ ಉಳಿದರು, 1980ರಲ್ಲಿ ತಾವಾಗಿಯೇ ನಿವೃತ್ತರಾದರು. ಆ ಧಿಕ್ಕಾರಕ್ಕೆ ನಾಲ್ಕು ವರ್ಷ ಹಿಂದೆ ಅಮೆರಿಕದಲ್ಲಿ ನಡೆದದ್ದು ಬೇರೆ. ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ನ್ಯೂಯಾರ್ಕ್ ಯಾಂಕೀಸ್ ತಂಡದ ನೌಕರಿಯಲ್ಲಿದ್ದರು. 1966ರ ಸೆಪ್ಟೆಂಬರ್ 22ರಂದು ತಂಡದ ಬೃಹತ್ ಕ್ರೀಡಾಂಗಣಕ್ಕೆ ಬಂದಿದ್ದ ಪ್ರೇಕ್ಷಕರು 413 ಮಂದಿ. ಖಾಲಿ ಆಸನಗಳನ್ನು ತೋರಿಸುವಂತೆ ಬಾರ್ಬರ್ ಕೇಳಿದರು, ಕ್ಯಾಮೆರಾ ಅತ್ತ ತಿರುಗಲಿಲ್ಲ. ಆಗ ಅವರು ಆ ದಿನದ ಸುದ್ದಿ ಆಟವಲ್ಲ, ಈ ಖಾಲಿ ಆಸನಗಳೇ ಎಂಬ ಅರ್ಥದಲ್ಲಿ ಮಾತಾಡಿದರು. ಕೆಲವೇ ದಿನಗಳಲ್ಲಿ, ಒಪ್ಪಂದ ನವೀಕರಣವಾಗುವುದಿಲ್ಲ ಎಂಬ ಮಾತು ಬಂತು. ಆರ್ಲಟ್ ಎತ್ತಿದ್ದು ದೊಡ್ಡ ರಾಜಕೀಯ ಪ್ರಶ್ನೆ, ಬಾರ್ಬರ್ ಹೇಳಿದ್ದು ಕಣ್ಣೆದುರಿನ ಒಂದು ಸಂಖ್ಯೆ. ಅವರಿಬ್ಬರ ಗತಿಯನ್ನು ನಿರ್ಧರಿಸಿದ್ದು ಮಾತಿನ ತೀವ್ರತೆಯಲ್ಲ. ಆರ್ಲಟ್ ಟೀಕಿಸಿದ ಸಂಸ್ಥೆ ಅವರ ಧಣಿಯಾಗಿರಲಿಲ್ಲ. ಬಾರ್ಬರ್ ಮುಜುಗರಕ್ಕೆ ಸಿಕ್ಕಿಸಿದ ಸಂಸ್ಥೆ ಅವರ ಧಣಿಯೇ ಆಗಿತ್ತು.

ಭಾರತಕ್ಕೆ ಮರಳೋಣ. ಬಾನುಲಿಯ ನಂತರ ಬಂದ ದೂರದರ್ಶನವೂ ಸರ್ಕಾರದ್ದೇ. ಆ ಏಕಸ್ವಾಮ್ಯ ಬಿರುಕುಬಿಟ್ಟದ್ದು 1993ರ ಹೀರೊ ಕಪ್ ಟೂರ್ನಿಯಲ್ಲಿ. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರ ಹಕ್ಕನ್ನು ವಿದೇಶಿ ಕಂಪನಿಯೊಂದಕ್ಕೆ ಕೊಟ್ಟಿತು, ದೂರದರ್ಶನ ಅಡ್ಡ ನಿಂತಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಬಂದ ತೀರ್ಪು, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರಕ್ಕೆ ಅವುಗಳ ಮೇಲೆ ಏಕಸ್ವಾಮ್ಯವಿಲ್ಲ ಎಂದಿತು. ಹರ್ಷ ಭೋಗ್ಲೆಯವರ ಏಳಿಗೆಯನ್ನು ಈ ಬಿರುಕಿನಲ್ಲಿಟ್ಟೇ ಅರ್ಥಮಾಡಿಕೊಳ್ಳಬೇಕು. ಹೈದರಾಬಾದಿನ ಆಕಾಶವಾಣಿಯಲ್ಲಿ ಹರೆಯದಲ್ಲೇ ಶುರುಮಾಡಿದ ಅವರು ರಾಸಾಯನಿಕ ಎಂಜಿನಿಯರಿಂಗ್ ಓದಿದವರು, ಅಹಮದಾಬಾದಿನ ಐಐಎಂನಿಂದ ಹೊರಬಂದವರು, ಪ್ರಥಮ ದರ್ಜೆ ಕ್ರಿಕೆಟ್ ಆಡದವರು. 1991–92ರಲ್ಲಿ ಆಸ್ಟ್ರೇಲಿಯಾದ ಎಬಿಸಿ ಬಾನುಲಿ ಅವರನ್ನು ಕರೆಸಿಕೊಂಡಿತು. ನಂತರ ಇಎಸ್‌ಪಿಎನ್ ಭಾರತಕ್ಕೆ ಬಂದಾಗ ಅದರ ಮುಖ್ಯ ದನಿಗಳಲ್ಲಿ ಒಬ್ಬರಾದರು. ಪ್ರತಿಭೆ ಇತ್ತು, ಸಂಶಯವಿಲ್ಲ. ಆದರೆ ಟೆಸ್ಟ್ ಟೋಪಿ ಇಲ್ಲದ ಒಬ್ಬ ವ್ಯಕ್ತಿ ಆ ಮಟ್ಟಕ್ಕೇರಲು ಪ್ರತಿಭೆಯ ಜೊತೆಗೆ ಒಂದಕ್ಕಿಂತ ಹೆಚ್ಚು ಮೈಕುಗಳು ಬೇಕಿದ್ದವು. ಹಲವು ವಾಹಿನಿಗಳು ಹಕ್ಕಿಗಾಗಿ, ವೀಕ್ಷಕರಿಗಾಗಿ ಪೈಪೋಟಿ ನಡೆಸುತ್ತಿದ್ದ ಆ ಒಂದೂವರೆ ದಶಕ ಭಾರತೀಯ ವಿವರಣೆಗಾರರ ಪಾಲಿಗೆ ಅತ್ಯಂತ ಉದಾರ ಕಾಲ ಎಂಬುದು ನನ್ನ ಅಭಿಪ್ರಾಯ.

ಆ ಕಾಲ ಮುಗಿದದ್ದಕ್ಕೆ ಗಡಿಕಲ್ಲು ನೆಡುವುದಾದರೆ 2008. ಐಪಿಎಲ್ ಹುಟ್ಟಿದ ಆ ವರ್ಷ ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ, ಸುನಿಲ್ ಗಾವಸ್ಕರ್ ಮತ್ತು ರವಿಶಾಸ್ತ್ರಿ ಅವರೊಂದಿಗೆ ನೇರ ಒಪ್ಪಂದ ಮಾಡಿಕೊಂಡಿತು. ತಲಾ 3.6 ಕೋಟಿ ರೂಪಾಯಿ ವಾರ್ಷಿಕ ಸಂಭಾವನೆ ಎಂದು ಮುಂದೆ ಪತ್ರಿಕೆಗಳು ವರದಿಮಾಡಿದವು. ಮುಂದಿನ ಕೆಲವು ವರ್ಷಗಳಲ್ಲಿ ತವರಿನ ಪಂದ್ಯಗಳ ನೇರಪ್ರಸಾರದ ನಿರ್ಮಾಣವನ್ನೇ ಮಂಡಳಿ ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಯಾವ ವಾಹಿನಿ ಎಷ್ಟು ಕೋಟಿ ಸುರಿದು ಹಕ್ಕು ಕೊಂಡರೂ, ಇಂಗ್ಲಿಷ್ ಮೂಲ ಪ್ರಸಾರದಲ್ಲಿ ಯಾರು ಮಾತಾಡಬೇಕೆಂಬುದರ ಕೊನೆಯ ಮಾತು ಮಂಡಳಿಯದಾಯಿತು. ಇದರ ಅರ್ಥವೇನೆಂದು 2013ರಲ್ಲಿ ಆಸ್ಟ್ರೇಲಿಯಾದ ವಿವರಣೆಗಾರ ಇಯಾನ್ ಚಾಪೆಲ್ ಬಾಯಿಬಿಟ್ಟು ಹೇಳಿದರು. ಭಾರತದಲ್ಲಿ ನಡೆಯಲಿದ್ದ ಆಸ್ಟ್ರೇಲಿಯಾ ಸರಣಿಗೆ ಬರಬೇಕಿದ್ದ ಅವರಿಗೆ ಅಂಪೈರ್ ತೀರ್ಪಿನ ಮರುಪರಿಶೀಲನಾ ವ್ಯವಸ್ಥೆಯಾದ ಡಿಆರ್‌ಎಸ್, ತಂಡದ ಆಯ್ಕೆ, ಮಂಡಳಿಯ ಆಡಳಿತ ಈ ವಿಷಯಗಳನ್ನು ಎತ್ತುವಂತಿಲ್ಲ ಎಂಬ ಸೂಚನೆ ಬಂದಿತ್ತು. ಅವರು ಕೆಲಸವನ್ನೇ ನಿರಾಕರಿಸಿದರು. ಡಿಆರ್‌ಎಸ್ ವಿಷಯದಲ್ಲಿ ಅಂದು ಬಿಸಿಸಿಐ ಜಗತ್ತಿನೆದುರು ಒಂಟಿಯಾಗಿ ಹಟ ಹಿಡಿದಿತ್ತೆಂಬುದನ್ನು ನೆನೆದರೆ ಆ ನಿಷೇಧದ ಮರ್ಮ ತಿಳಿಯುತ್ತದೆ. ಚಾಪೆಲ್ ಅವರಿಗೆ ಸಿಡ್ನಿಯಲ್ಲಿ ಬೇರೆ ಮೈಕು ಇತ್ತು, ನಿರಾಕರಿಸುವುದು ಸಾಧ್ಯವಾಯಿತು. ಇನ್ನೊಂದೆಡೆ ವಿವರಣೆಗಾರನ ಪೆಟ್ಟಿಗೆಯೇ ಆಡಳಿತದ ಹೆಬ್ಬಾಗಿಲೂ ಆಯಿತು. ರವಿಶಾಸ್ತ್ರಿ 2014ರಲ್ಲಿ ತಂಡದ ನಿರ್ದೇಶಕರಾದರು, 2017ರಲ್ಲಿ ಮುಖ್ಯ ಕೋಚ್ ಆದರು. 2017ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತ ಸಮಿತಿಗೆ ರಾಜೀನಾಮೆ ಕೊಟ್ಟಾಗ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ ಪತ್ರದಲ್ಲಿ ಎತ್ತಿದ ಸಂಗತಿಗಳಲ್ಲಿ ಇಂಥ ಹಿತಾಸಕ್ತಿ ಸಂಘರ್ಷವೂ ಒಂದು: ಆಟಗಾರರ ವ್ಯವಹಾರ ನೋಡಿಕೊಳ್ಳುವ ಕಂಪನಿಯ ಮುಖ್ಯಸ್ಥರಾಗಿದ್ದ ಗಾವಸ್ಕರ್, ಮಂಡಳಿಯ ವಿವರಣೆಗಾರರಾಗಿ ಅದೇ ಆಟಗಾರರ ಬಗ್ಗೆ ಮಾತಾಡುತ್ತಿದ್ದರು.

ಈ ಹಿನ್ನೆಲೆಯಲ್ಲಿ 2016ರ ಏಪ್ರಿಲ್ ಪ್ರಸಂಗವನ್ನು ಓದಬೇಕು. ಅದಕ್ಕೆ ತುಸು ಮುಂಚೆ, ಮಾರ್ಚ್ 23ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಟ್ವೆಂಟಿ-20 ಟೂರ್ನಿಯ ಪಂದ್ಯದಲ್ಲಿ ಭಾರತ ಬಾಂಗ್ಲಾದೇಶವನ್ನು ಒಂದೇ ಒಂದು ರನ್‌ನಿಂದ ಸೋಲಿಸಿತು. ಭಾರತದ ವಿವರಣೆಗಾರ ಎದುರಾಳಿಗಳ ಬದಲು ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತಾಡಬೇಕೆಂದು ಅಮಿತಾಭ್ ಬಚ್ಚನ್ ಟ್ವೀಟ್ ಮಾಡಿದರು, ನಾಯಕ ಧೋನಿ ಅದನ್ನು ಅನುಮೋದಿಸಿದರು. ಕೆಲವು ದಿನಗಳಲ್ಲೇ, ಐಪಿಎಲ್ ಶುರುವಾಗುವ ಹೊಸ್ತಿಲಲ್ಲಿ, ಭೋಗ್ಲೆ ಪಟ್ಟಿಯಲ್ಲಿರಲಿಲ್ಲ. ಟೂರ್ನಿಯ ಪ್ರಚಾರದಲ್ಲಿ ಅವರ ಮುಖ ಕಾಣಿಸಿಕೊಂಡಿತ್ತು ಎಂಬುದು ಇದರ ಆಕಸ್ಮಿಕತೆಗೆ ಸಾಕ್ಷಿ. ಟ್ವೀಟೇ ಕಾರಣವೆಂದು ಕೆಲವರು, ನಾಗಪುರದಲ್ಲಿ ಅಧಿಕಾರಿಯೊಬ್ಬರೊಂದಿಗೆ ನಡೆದ ಮಾತಿನ ಚಕಮಕಿ ಕಾರಣವೆಂದು ಇನ್ನು ಕೆಲವರು ಬರೆದರು. ಈ ಊಹೆಗಳಲ್ಲಿ ಯಾವುದು ಸರಿ ಎಂದು ನಿರ್ಣಯಿಸುವ ಗೋಜಿಗೆ ನಾನು ಹೋಗುವುದಿಲ್ಲ. ಊಹೆಗೆ ಅವಕಾಶವಾಯಿತು ಎಂಬುದೇ ಇಲ್ಲಿನ ಪುರಾವೆ. ಮಂಡಳಿ ಕಾರಣ ಕೊಡಲಿಲ್ಲ, ತನಗೆ ಯಾರೂ ಏನೂ ಹೇಳಲಿಲ್ಲವೆಂದು ಭೋಗ್ಲೆಯವರೇ ಬರೆದರು. ಮರುವರ್ಷ ಅವರು ಐಪಿಎಲ್‌ಗೆ ಮರಳಿದರು. ತೆಗೆದದ್ದಕ್ಕೆ ಇಲ್ಲದ ವಿವರಣೆ, ತೆಗೆದುಕೊಂಡದ್ದಕ್ಕೂ ಇರಲಿಲ್ಲ.

ಮಂಗಳೂರಿನಲ್ಲಿ ಹುಟ್ಟಿ ಮುಂಬೈ ಪರ ಆಡಿ 37 ಟೆಸ್ಟ್ ಕಂಡ ಸಂಜಯ್ ಮಾಂಜ್ರೇಕರ್ ಪ್ರಕರಣ ಇನ್ನೂ ಬೋಧಪ್ರದ. 2019ರ ವಿಶ್ವಕಪ್‌ನಲ್ಲಿ ಅವರು ರವೀಂದ್ರ ಜಡೇಜ ಅವರನ್ನು ಅರೆಬರೆ ಆಟಗಾರನೆಂಬ ಅರ್ಥದಲ್ಲಿ ವರ್ಣಿಸಿದರು, ಜಡೇಜ ಬಹಿರಂಗವಾಗಿ ಸಿಡಿದರು, ನ್ಯೂಜಿಲೆಂಡ್ ವಿರುದ್ಧದ ಸೆಮಿಫೈನಲ್‌ನಲ್ಲಿ 77 ರನ್ ಹೊಡೆದು ಬ್ಯಾಟಿನಿಂದಲೂ ಉತ್ತರಿಸಿದರು. ಅದೇ ನವೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನ ಗುಲಾಬಿ ಚೆಂಡಿನ ಟೆಸ್ಟ್ ವೇಳೆ, ಆಡಿದವರಿಗಷ್ಟೇ ಇದು ತಿಳಿಯುತ್ತದೆ ಎಂಬ ಧಾಟಿಯಲ್ಲಿ ಭೋಗ್ಲೆಯವರ ಮಾತನ್ನು ನೇರಪ್ರಸಾರದಲ್ಲೇ ತಳ್ಳಿಹಾಕಿದರು, ಆಮೇಲೆ ತಪ್ಪೊಪ್ಪಿಕೊಂಡರು. ಈ ಎರಡೂ ಮಾತುಗಳು ಟೀಕೆಗೆ ಅರ್ಹವಾಗಿದ್ದವು, ಎರಡನೆಯದಂತೂ ಶುದ್ಧ ಒರಟುತನ. ಆದರೆ ಅವರನ್ನು ಕೈಬಿಟ್ಟ ಸುದ್ದಿ ಬಂದದ್ದು 2020ರ ಮಾರ್ಚ್‌ನಲ್ಲಿ. ಜಡೇಜ ಪ್ರಸಂಗದ ನಂತರ ಎಂಟು ತಿಂಗಳು, ಅದರಲ್ಲಿ ತವರಿನ ಸರಣಿಗಳೂ ಸೇರಿ, ಅವರು ಮಂಡಳಿಯ ಮೈಕಿನಲ್ಲೇ ಇದ್ದರು. ಮಾತೇ ಅಪರಾಧವಾಗಿದ್ದರೆ ಶಿಕ್ಷೆ ಆಗಲೇ ಆಗಬೇಕಿತ್ತು. 2020ರ ಜುಲೈನಲ್ಲಿ ಅವರು ಮಂಡಳಿಗೆ ಬರೆದ ಪತ್ರ ಪತ್ರಿಕೆಗಳಲ್ಲಿ ಬಂತು: ನಿರ್ಮಾಣ ನಿಮ್ಮದು, ನೀವು ಹಾಕುವ ಮಾರ್ಗಸೂಚಿಗೆ ಬದ್ಧನಾಗಿರುತ್ತೇನೆ ಎಂಬುದು ಅದರ ಸಾರ. ಆ ವರ್ಷದ ಐಪಿಎಲ್ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ನವೆಂಬರ್‌ನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಹೋದಾಗ ಪ್ರಸಾರ ಹಕ್ಕು ಸೋನಿಯದು, ನಿರ್ಮಾಣ ಬಿಸಿಸಿಐಯದಲ್ಲ. ಮಾಂಜ್ರೇಕರ್ ಮತ್ತೆ ಮೈಕಿನೆದುರಿದ್ದರು. ಆ ಎಂಟು ತಿಂಗಳಲ್ಲಿ ಅವರ ಜ್ಞಾನವಾಗಲಿ ನಾಲಿಗೆಯಾಗಲಿ ಬದಲಾಗಿರಲಿಲ್ಲ, ಧಣಿ ಬದಲಾಗಿದ್ದರು.

ಈ ವಾದಕ್ಕೆ ಬಲವಾದ ಆಕ್ಷೇಪ ಆಸ್ಟ್ರೇಲಿಯಾದ ವಿವರಣೆಗಾರ ಡೀನ್ ಜೋನ್ಸ್ ಪ್ರಕರಣದಿಂದ ಬರಬಹುದು. 2006ರ ಆಗಸ್ಟ್‌ನಲ್ಲಿ ಕೊಲಂಬೊ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ ಕ್ಯಾಚ್ ಹಿಡಿದಾಗ, ಮೈಕು ಆರಿದೆಯೆಂದು ಭಾವಿಸಿ ಜೋನ್ಸ್ ಆ ಆಟಗಾರನನ್ನು ಭಯೋತ್ಪಾದಕ ಎಂದು ಕರೆದರು. ಟೆನ್ ಸ್ಪೋರ್ಟ್ಸ್ ಕೂಡಲೇ ವಜಾ ಮಾಡಿತು. ಅದು ಖಾಸಗಿ ವಾಹಿನಿ, ಮಂಡಳಿಯಲ್ಲ. ಹಾಗಿದ್ದರೆ ಬೀಳುವುದು ಸ್ವಂತ ತಪ್ಪಿನಿಂದಲೇ ಅಲ್ಲವೇ? ಜೋನ್ಸ್ ವಿಷಯದಲ್ಲಿ ಹೌದು, ಅದನ್ನು ಒಪ್ಪಿಯೇ ವಾದ ಮುಂದುವರಿಸಬೇಕು. ಆದರೆ ಅಲ್ಲಿ ತಪ್ಪು ಎಲ್ಲರ ಕಿವಿಗೂ ಬಿದ್ದಿತ್ತು, ಶಿಕ್ಷೆ ತಕ್ಷಣ ಬಂತು, ಕಾರಣ ಬಹಿರಂಗವಾಗಿತ್ತು, ಜೋನ್ಸ್ ಕ್ಷಮೆ ಕೇಳಿದರು. ಮರಳಿ ಬರುವ ದಾರಿಯೂ ತೆರೆದಿತ್ತು; 2020ರ ಸೆಪ್ಟೆಂಬರ್‌ನಲ್ಲಿ ಮುಂಬೈನಲ್ಲಿ ತೀರಿಕೊಂಡಾಗ ಅವರು ಐಪಿಎಲ್ ಪ್ರಸಾರದ ಕೆಲಸದಲ್ಲೇ ಇದ್ದರು. ತಪ್ಪಿಗೆ ಶಿಕ್ಷೆ ಹೇಗಿರುತ್ತದೆ ಎಂಬುದಕ್ಕೆ ಈ ಪ್ರಕರಣ ಅಳತೆಗೋಲು. ಅದರಲ್ಲಿ ಅಳೆದಾಗಲೇ 2016 ಮತ್ತು 2020ರ ಘಟನೆಗಳು ಎಷ್ಟು ಬೇರೆ ಜಾತಿಯವೆಂದು ಗೊತ್ತಾಗುವುದು.

ಇನ್ನೊಂದು ಆಕ್ಷೇಪ ಕಾನೂನಿನದು. ಯಾರನ್ನು ಕೆಲಸಕ್ಕಿಟ್ಟುಕೊಳ್ಳಬೇಕೆಂಬುದು ಧಣಿಯ ಹಕ್ಕು, ನವೀಕರಿಸದ ಒಪ್ಪಂದಕ್ಕೆ ಕಾರಣ ಕೊಡಬೇಕೆಂದು ಎಲ್ಲಿದೆ? ಎಲ್ಲೂ ಇಲ್ಲ. ವಿವರಣೆಗಾರನ ಕೆಲಸ ಆಜೀವ ಇನಾಮು ಭೂಮಿಯಲ್ಲ. ಆದರೆ ಇಲ್ಲಿ ಧಣಿ ಯಾರು ಎಂಬುದನ್ನು ಮರೆಯುವಂತಿಲ್ಲ. 2023ರಿಂದ 2027ರ ಐಪಿಎಲ್ ಹಕ್ಕುಗಳನ್ನು 48,390 ಕೋಟಿ ರೂಪಾಯಿಗೆ ಮಾರಿದ ಮಂಡಳಿ, ತಂಡವನ್ನು ಆರಿಸುವ, ಪಿಚ್ ಸಿದ್ಧಪಡಿಸುವ ಮಂಡಳಿಯೂ ಹೌದು. ಅದು ಮಾರುತ್ತಿರುವ ಸರಕಿನ ವಿಮರ್ಶಕನೂ ಅದರದೇ ಸಂಬಳದ ಪಟ್ಟಿಯಲ್ಲಿದ್ದಾನೆ. ಪತ್ರಿಕೆಯ ಸಂಪಾದಕ ತನ್ನ ವರದಿಗಾರನನ್ನು ಬದಲಿಸುವುದಕ್ಕೂ, ವರದಿಯಾಗಬೇಕಾದ ಕಚೇರಿಯೇ ವರದಿಗಾರನನ್ನು ನೇಮಿಸುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲದಿರಬಹುದು. ಓದುಗನಿಗೆ ಇದೆ.

ಕೊನೆಗೆ, ಭೋಗ್ಲೆ ಮತ್ತು ಮಾಂಜ್ರೇಕರ್ ಇಬ್ಬರೂ ಮರಳಿ ಬಂದರಲ್ಲ, ನಷ್ಟವೇನು ಎನ್ನುವವರಿದ್ದಾರೆ. ನಷ್ಟವನ್ನು ಹೊರಹೋದವರಲ್ಲಿ ಹುಡುಕಬಾರದು, ಒಳಗೆ ಉಳಿದವರಲ್ಲಿ ಹುಡುಕಬೇಕು. ಕಾರಣ ಹೇಳದ ಶಿಕ್ಷೆಗೆ ಒಂದು ವಿಶೇಷ ಗುಣವಿದೆ: ಗೆರೆ ಎಲ್ಲಿದೆಯೆಂದು ತಿಳಿಯದವರು ಗೆರೆಯಿಂದ ಬಹಳ ದೂರ ನಿಲ್ಲುತ್ತಾರೆ. ಹೇಳದೆ ಉಳಿದ ಮಾತಿಗೆ ದಾಖಲೆ ಇರುವುದಿಲ್ಲವಾದ್ದರಿಂದ ಈ ಅಂಶವನ್ನು ಪೂರ್ತಿ ಸಾಬೀತುಪಡಿಸಲಾಗದು, ನಿಜ. ಆದರೂ ಚಾಪೆಲ್ ಅವರ ನಿರಾಕರಣೆ ಮತ್ತು ಮಾಂಜ್ರೇಕರ್ ಅವರ ಪತ್ರ, ಈ ಎರಡನ್ನು ಒಟ್ಟಿಗೆ ಓದಿದವರಿಗೆ ನಡುವೆ ಕುಳಿತ ಉಳಿದವರ ಸ್ಥಿತಿ ಊಹಿಸುವುದು ಕಷ್ಟವಲ್ಲ. ಈಗ ಕನ್ನಡದಲ್ಲೂ ಪೂರ್ಣ ಪ್ರಮಾಣದ ವಿವರಣೆ ಬಂದಿದೆ. ಭಾರತ ತಂಡಕ್ಕೆ ಆಡಿದ ವಿಜಯ್ ಭಾರದ್ವಾಜ್‌ರಂಥವರು ಅಲ್ಲಿ ಹೊಸ ವೃತ್ತಿ ಕಟ್ಟಿಕೊಂಡಿದ್ದಾರೆ. ಅವರ ಹಾಗೂ ಅವರ ನಂತರ ಬರುವವರ ಹಿತದೃಷ್ಟಿಯಿಂದ ಮಂಡಳಿಯೂ ವಾಹಿನಿಗಳೂ ಎರಡು ಕೆಲಸ ಮಾಡಬೇಕು: ವಿವರಣೆಗಾರರಿಗೆ ಹಾಕುವ ಮಾರ್ಗಸೂಚಿಯನ್ನು ಪ್ರಕಟಿಸಬೇಕು, ಪ್ರತಿ ಪ್ರಸಾರದ ಆರಂಭದಲ್ಲೂ ಮಾತಾಡುವವರನ್ನು ನೇಮಿಸಿದವರು ಯಾರೆಂದು ಪರದೆಯ ಮೇಲೆ ತೋರಿಸಬೇಕು.