ಹೆನ್ರಿ ಕೋವಿಯೂ ಅದರ ಕುಂದುಗಳೂ

ಹೊಸದಾಗಿ ಕೊಂಡ ವಸ್ತುವಿನಲ್ಲಿ ಕುಂದು ಕಂಡರೆ ಅಂಗಡಿಗೆ ಹೋಗಿ ಜಗಳವಾಡುತ್ತೇವೆ. ಕೊಂಡದ್ದು ಕೋವಿಯಾಗಿದ್ದು, ಕೊಂಡವನು ಯುದ್ಧಭೂಮಿಯಲ್ಲಿದ್ದರೆ ಆತ ಯಾರೊಡನೆ ಜಗಳವಾಡಬೇಕು? ಅಮೆರಿಕದ ಅಂತರ್ಯುದ್ಧದ (1861–65) ಚರಿತ್ರೆಯನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ. ತರಗತಿಯಲ್ಲಿ ಆ ಯುದ್ಧವನ್ನು ಲಿಂಕನ್, ಗುಲಾಮಗಿರಿ, ಗೆಟ್ಟಿಸ್‌ಬರ್ಗ್ ಎಂದು ಮೂರು ಮಾತುಗಳಲ್ಲಿ ಮುಗಿಸುತ್ತಿದ್ದೆವು. ಕೋವಿಯ ಕಥೆಗೆ ಅಲ್ಲಿ ಎಡೆಯಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಈಗ ಪರೀಕ್ಷೆಯ ಭಯವಿಲ್ಲದೆ ಓದಬಹುದು.

ಆ ಯುದ್ಧದ ಬಹುಪಾಲು ಸೈನಿಕರ ಕೈಯಲ್ಲಿದ್ದುದು ನಳಿಗೆಯ ಬಾಯಿಯಿಂದ ಮದ್ದು ಗುಂಡು ಜಡಿಯುವ ಕೇಪಿನ ಕೋವಿ. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಈಡು ಹಾರಿಸಿದರೆ ಹೆಚ್ಚು. ಟ್ರಿಗರಿನ ಕೆಳಗಿನ ಸನ್ನೆಯನ್ನು ಒಮ್ಮೆ ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುವ ಕೋವಿ ಅವರಿಗೆ ಮಾಯೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಮಾಯೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇದರ ಮೂಲಪುರುಷ ವಾಲ್ಟರ್ ಹಂಟ್. ನಮ್ಮ ಮನೆಗಳಲ್ಲಿ ತಾಯಂದಿರ ಬಳೆಗೆ ಸದಾ ನೇತಾಡುತ್ತಿದ್ದ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟು ಪಡೆದವನೂ ಇವನೇ. ಅದೇ ವರ್ಷ ಕೋವಿಗೂ ಪಡೆದ. ಪಿನ್ನು ಗೆದ್ದಿತು, ಕೋವಿ ಸೋತಿತು. ಗುಂಡಿನ ಹಿಂಭಾಗವನ್ನೇ ಟೊಳ್ಳಾಗಿಸಿ ಅದರೊಳಗೆ ಮದ್ದು ತುಂಬುವ ಅವನ ಉಪಾಯದಲ್ಲಿ ಮದ್ದಿಗೆ ಜಾಗ ಸಾಲದೆ ಈಡು ದುರ್ಬಲವಾಗುತ್ತಿತ್ತು. ಮುಂದೆ ಸ್ಮಿತ್ ಮತ್ತು ವೆಸನ್ ಎಂಬಿಬ್ಬರು ಇದನ್ನು ತಿದ್ದಿದರು. 1855ರಲ್ಲಿ ವಾಲ್ಕ್ಯಾನಿಕ್ ಎಂಬ ಸಂಸ್ಥೆ ಎದ್ದು ಬಹುಬೇಗ ದಿವಾಳಿಯಾಯಿತು. ಅದರ ಅವಶೇಷವನ್ನು ಕೊಂಡು 1857ರಲ್ಲಿ ನ್ಯೂ ಹೇವನ್ ಆರ್ಮ್ಸ್ ಕಂಪನಿಯನ್ನು ಕಟ್ಟಿದವನು ಆಲಿವರ್ ವಿಂಚೆಸ್ಟರ್, ವೃತ್ತಿಯಿಂದ ಅಂಗಿಗಳ ತಯಾರಕ. ಅವನ ಕಾರ್ಖಾನೆಯ ಮೇಲ್ವಿಚಾರಕ ಬೆಂಜಮಿನ್ ಟೈಲರ್ ಹೆನ್ರಿ ತಾಮ್ರದ ತೋಟಾದೊಳಗೆ ಮದ್ದನ್ನಿಟ್ಟು, ಸನ್ನೆಕೋವಿಯನ್ನು ಅದಕ್ಕೆ ಹೊಂದಿಸಿ, 1860ರ ಅಕ್ಟೋಬರ್ 16ರಂದು ಪೇಟೆಂಟು ಪಡೆದ. 1862ರಲ್ಲಿ ನೌಕಾಪಡೆಯವರು ಪರೀಕ್ಷಿಸಿದಾಗ, ತುಂಬುವ ಸಮಯವನ್ನು ಬಿಟ್ಟು ಲೆಕ್ಕ ಹಾಕಿದರೆ, 3 ನಿಮಿಷ 36 ಸೆಕೆಂಡಿನಲ್ಲಿ 187 ಈಡುಗಳು ಹಾರಿದವು.

ಆದರೂ ಸರಕಾರ ಒಲಿಯಲಿಲ್ಲ. ಶಸ್ತ್ರಾಸ್ತ್ರ ಇಲಾಖೆಯ ಮುಖ್ಯಸ್ಥ ಜೇಮ್ಸ್ ರಿಪ್ಲಿ, ಕೋವಿ ತುಂಬಿದಾಗ ಭಾರ, ತೋಟಾ ಬೇರೆಯೇ ಬೇಕು ಎಂದು ಆಕ್ಷೇಪಿಸಿದ. ಅನೇಕ ಲೇಖಕರು ಅವನನ್ನು ಮೂರ್ಖನೆಂದೇ ಚಿತ್ರಿಸಿದ್ದಾರೆ. ಲಕ್ಷಾಂತರ ಸೈನಿಕರಿಗೆ ಮದ್ದುಗುಂಡು ಒದಗಿಸಬೇಕಾದವನ ಕಷ್ಟವನ್ನು ನೆನೆದರೆ ನನಗೆ ಹಾಗೆನಿಸುವುದಿಲ್ಲ. ಒಟ್ಟು ಸುಮಾರು 14,000 ಹೆನ್ರಿ ಕೋವಿಗಳು ತಯಾರಾದವು. ಸರಕಾರ ಕೊಂಡದ್ದು 1,731. ಉಳಿದವನ್ನು ಕೊಂಡವರಲ್ಲಿ ಸ್ವಂತ ಹಣ ತೆತ್ತ ಸೈನಿಕರು ಅನೇಕರಿದ್ದರು. ಬೆಲೆ 40 ಡಾಲರಿಗೂ ಮೇಲೆ. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರು. ಮೂರು ತಿಂಗಳ ದುಡಿಮೆಯನ್ನು ಸುರಿದು ಆತ ಕೊಂಡದ್ದು ಕೇವಲ ಕೋವಿಯನ್ನಲ್ಲ, ಬದುಕಿ ಮನೆಗೆ ಮರಳುವ ಒಂದು ಸಂಭವವನ್ನು.

ಇನ್ನು ಕುಂದುಗಳ ಮಾತು. ನಳಿಗೆಯ ಕೆಳಗೆ ತೋಟಾಗಳ ಕೊಳವೆ. ಅದರಲ್ಲಿ ಒಂದರ ಹಿಂದೊಂದು ಸಾಲಾಗಿ ಕುಳಿತ ತೋಟಾಗಳನ್ನು ಸುರುಳಿಯೊಂದು ಹಿಂದಕ್ಕೆ ಒತ್ತುತ್ತದೆ. ಕೊಳವೆಯ ತಳಭಾಗ ಉದ್ದಕ್ಕೂ ಸೀಳಿದೆ. ಸುರುಳಿಯ ತುದಿಯ ಹಿತ್ತಾಳೆಯ ಗುಬುಟು ಆ ಸೀಳಿನಿಂದ ಹೊರಗೆ ಚಾಚಿಕೊಂಡಿದೆ. ತುಂಬಬೇಕಾದರೆ ಆ ಗುಬುಟನ್ನು ಬಾಯಿಯ ತನಕ ತಳ್ಳಿ, ಕೊಳವೆಯ ತುದಿಯನ್ನು ಪಕ್ಕಕ್ಕೆ ತಿರುಗಿಸಿ, ತೋಟಾಗಳನ್ನು ಮುಂದುಗಡೆಯಿಂದ ಇಳಿಬಿಡಬೇಕು. ಶತ್ರು ಎದುರಿಗಿರುವಾಗ ಕೋವಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಮಾಡುವ ಕೆಲಸವೇ ಇದು? ಸೀಳಿನೊಳಗೆ ಮಣ್ಣು, ಮರಳು, ಹುಲ್ಲು ಹೊಕ್ಕರೆ ಗುಬುಟು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ತೋಟಾ ಮುಂದೆ ಸಾಗದು. ಇಷ್ಟು ಸಾಲದೆಂಬಂತೆ, ಈಡು ಹಾರಿದಂತೆಲ್ಲ ಹಿಂದಕ್ಕೆ ಸರಿದು ಬರುವ ಗುಬುಟು ಕೋವಿಯನ್ನು ಹಿಡಿದ ಎಡಗೈಗೇ ಬಂದು ತಾಗುತ್ತದೆ. ಕೈ ತೆಗೆಯದಿದ್ದರೆ ಮುಂದಿನ ಸಲ ಟ್ರಿಗರ್ ಎಳೆದಾಗ ಬರಿಯ ಟಿಕ್ ಎಂಬ ಸದ್ದು! ಆ ಎಡಗೈಯಾದರೂ ಸುಖವಾಗಿತ್ತೇ? ಮುಂಭಾಗಕ್ಕೆ ಮರದ ಹಿಡಿಯೇ ಇಲ್ಲ. ಹತ್ತಾರು ಈಡಿನ ಬಳಿಕ ಕಬ್ಬಿಣ ಕಾದ ಹೆಂಚಾಗುತ್ತದೆ.

ಒಂದು ಕುಂದನ್ನು ಮಾತ್ರ ಹೆನ್ರಿ ಮೊದಲೇ ಊಹಿಸಿದ್ದ. ಅಂದಿನ ತೋಟಾಗಳಲ್ಲಿ ಕಿಡಿಯ ಮದ್ದು ತಳದ ಅಂಚಿನಲ್ಲಿರುತ್ತಿತ್ತು; ಅದು ಎಲ್ಲೆಡೆ ಸಮನಾಗಿ ಹರಡಿರುವ ಭರವಸೆಯಿರಲಿಲ್ಲ. ಆದುದರಿಂದ ಅಂಚಿನ ಎರಡು ಕಡೆ ಏಕಕಾಲಕ್ಕೆ ಬಡಿಯುವ ಕವಲು ಮೊಳೆಯನ್ನಿಟ್ಟ. ಒಂದು ಕಡೆ ಹೊತ್ತದಿದ್ದರೆ ಇನ್ನೊಂದು ಕಡೆ. ಇದು ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗ.

ಉಳಿದ ಕುಂದುಗಳಿಗೆ ಮದ್ದನ್ನು ಸಿಪಾಯಿಯೇ ಕಂಡುಕೊಳ್ಳಬೇಕಾಯಿತು: ಸೀಳನ್ನು ಶುಚಿಯಾಗಿಡುವುದು, ಗುಬುಟು ಬರುವುದನ್ನು ಎಣಿಸಿ ಕೈ ಎತ್ತಿ ಮುಂದಿಡುವುದು, ತೋಟಾ ಮುಗಿಯುವ ಮೊದಲೇ ಮರೆ ಹುಡುಕುವುದು. 1864ರ ಅಕ್ಟೋಬರ್ 5ರಂದು ಜಾರ್ಜಿಯಾದ ಅಲಟೂನಾ ಕಣಿವೆಯಲ್ಲಿ ಫ್ರೆಂಚ್ ಎಂಬ ಸೇನಾನಿಯ ದಕ್ಷಿಣದ ಪಡೆ ಮೇಲೇರಿ ಬಂದಾಗ, ಕೋರ್ಸ್ ಎಂಬ ಸೇನಾನಿಯ ಕೈಕೆಳಗೆ ನಿಂತವರಲ್ಲಿ ಸ್ವಂತ ಹಣದಿಂದ ಹೆನ್ರಿ ಕೋವಿ ಕೊಂಡ 7ನೆಯ ಇಲಿನಾಯ್ ದಳದವರಿದ್ದರು. ಕಣಿವೆ ಕೈಬಿಡಲಿಲ್ಲ. ಗುಬುಟು ಅಂದೂ ಕೈಗೆ ತಾಗಿಯೇ ಇರಬೇಕು.

ಕಾರ್ಖಾನೆಯ ಪರಿಹಾರ ಬಂದದ್ದು ಯುದ್ಧ ಮುಗಿದ ಮೇಲೆ. 1866ರಲ್ಲಿ ನೆಲ್ಸನ್ ಕಿಂಗ್ ಕೋವಿಯ ಪಕ್ಕದಲ್ಲಿ ಸುರುಳಿಯ ಪುಟ್ಟ ಬಾಗಿಲಿಟ್ಟ. ತೋಟಾಗಳನ್ನು ಅಲ್ಲಿಂದಲೇ ಒಂದೊಂದಾಗಿ ತೂರಿಸಬಹುದಾಯಿತು. ಕೊಳವೆಯ ಸೀಳು ಮುಚ್ಚಿತು, ಮರದ ಹಿಡಿ ಬಂತು. ಅಷ್ಟರಲ್ಲಿ ಹೆನ್ರಿಗೂ ವಿಂಚೆಸ್ಟರನಿಗೂ ಮನಸ್ತಾಪ. ವಿಂಚೆಸ್ಟರ್ ಯೂರೋಪಿನಲ್ಲಿದ್ದಾಗ ಹೆನ್ರಿ ಕಂಪನಿಗೆ ತನ್ನ ಹೆಸರಿಡಿಸಲು ಯತ್ನಿಸಿದ. ಮರಳಿ ಬಂದ ವಿಂಚೆಸ್ಟರ್ ಎಲ್ಲವನ್ನೂ ತನ್ನ ಹೆಸರಿಗೆ ತಿರುಗಿಸಿಕೊಂಡ. ಹೆನ್ರಿಗೆ ಉಳಿದದ್ದು ತೋಟಾದ ಬುಡದಲ್ಲಿ ಒತ್ತಿದ ‘ಎಚ್’ ಎಂಬ ಒಂದಕ್ಷರ.

ಕೊಳವೆಯ ಇನ್ನೊಂದು ತೊಡಕು ಆಮೇಲೆ ತಲೆಯೆತ್ತಿತು. ಕೇಪು ತೋಟಾದ ತಳದ ನಡುವಿಗೆ ಬಂದಾಗ, ಹಿಂದಿನ ತೋಟಾದ ಮೊನಚು ಗುಂಡು ಮುಂದಿನದರ ಕೇಪಿಗೇ ಒತ್ತಿ ಕೂರುವ ಅಪಾಯ ಹುಟ್ಟಿತು. ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿ ಕೆಲಕಾಲ ಸುಧಾರಿಸಿದರು. ಜಾನ್ ಬ್ರೌನಿಂಗ್ 1895ರ ಮಾದರಿಯಲ್ಲಿ ಕೊಳವೆಯನ್ನೇ ಕೈಬಿಟ್ಟು, ತೋಟಾಗಳು ಒಂದರ ಮೇಲೊಂದು ಕೂರುವ ಪೆಟ್ಟಿಗೆಯನ್ನು ಸನ್ನೆಯ ಮುಂದಿಟ್ಟ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ಬೆಂಗಳೂರಿನ ಕೆನೆತ್ ಆಂಡರ್‌ಸನ್ ಹೆಗಲಿಗೇರಿಸಿ ನಮ್ಮ ಕಾಡುಗಳಲ್ಲಿ ಅಲೆದ .405 ವಿಂಚೆಸ್ಟರ್ ಇದೇ ಮಾದರಿಯದು.