ಆರು ಅಂಕದ ತಾಳಿಕೋಟೆ

ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದದ್ದು ಪರೀಕ್ಷೆ ಮುಗಿಯುತ್ತಲೇ ಮರೆತುಹೋಗುತ್ತದೆ ಎಂದು ಮಾಸ್ತರರು ಹೇಳುತ್ತಿದ್ದರು. ನಮ್ಮ ಅನುಭವ ಬೇರೆ. ವರ್ಷವಿಡೀ ತರಗತಿಯಲ್ಲಿ ಕೇಳಿದ ಇತಿಹಾಸವೆಲ್ಲ ಮರೆತುಹೋಗಿದೆ. ಆ ಒಂದು ರಾತ್ರಿ ಬಾಯಿಪಾಠ ಮಾಡಿದ್ದು ಮಾತ್ರ ಮೂರೂವರೆ ದಶಕದ ನಂತರವೂ ನಾಲಿಗೆಯ ತುದಿಯಲ್ಲಿದೆ.

1990ರಲ್ಲಿ ರಂಜಾನ್ ಮಾರ್ಚ್ ಕೊನೆಗೆ ಬಂದಿತ್ತು, ಹೈಸ್ಕೂಲಿನ ವಾರ್ಷಿಕ ಪರೀಕ್ಷೆಯೂ ಆಗಲೇ ಬಂತು. ಆಗಿನ ಬಿಜಾಪುರ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಹೇಗೂ ಸಹರಿಗೆ ಏಳುವ ಮನೆ, ರಾತ್ರಿಯೆಲ್ಲ ಎಚ್ಚರವಿದ್ದರೆ ಯಾರೂ ಬೈಯುವುದಿಲ್ಲ ಎಂದು ನಾಲ್ಕು ಮಂದಿ ಗೆಳೆಯರು ನಮ್ಮ ಪಡಸಾಲೆಯಲ್ಲಿ ಸೇರಿದ್ದೆವು. ಇಬ್ಬರು ಮುಸ್ಲಿಮರು, ಇಬ್ಬರು ಅಲ್ಲ. ಕರೆಂಟು ಹೋಗಿ ಕಂದೀಲು ಹಚ್ಚಿದ್ದಾಯಿತು. ಪಠ್ಯಪುಸ್ತಕ ಮೂಲೆಗೆ ಬಿದ್ದಿತ್ತು, ಕೈಯಲ್ಲಿದ್ದದ್ದು ಗೈಡು. ಅದರಲ್ಲಿ ಹಿಂದಿನ ವರ್ಷದವರು ಪೆನ್ನಿನಿಂದ ನಕ್ಷತ್ರ ಹಾಕಿದ ಪ್ರಶ್ನೆಗಳು. ಮೂರು ನಕ್ಷತ್ರವಿದ್ದದ್ದು ಒಂದಕ್ಕೇ: ತಾಳಿಕೋಟೆ ಕದನದ ಕಾರಣ ಮತ್ತು ಪರಿಣಾಮಗಳನ್ನು ವಿವರಿಸಿರಿ. ಆರು ಅಂಕ.

"ಲೇ, ಇದು ಪಕ್ಕಾ ಬರತೈತಿ" ಎಂದ ನಮ್ಮಲ್ಲಿ ಜಾಣನಾಗಿದ್ದವನು. ನೆನಪಿಡಲು ಒಂದು ಉಪಾಯವನ್ನೂ ಅವನೇ ಮಾಡಿದ. ನಾಲ್ಕು ಕಾರಣಗಳ ಮೊದಲ ಅಕ್ಷರ ಜೋಡಿಸಿ "ಧ-ರಾ-ಕು-ಒ". ಧ ಅಂದರೆ ಧರ್ಮದ್ವೇಷ, ರಾ ಅಂದರೆ ರಾಮರಾಯನ ಅಹಂಕಾರ, ಕು ಅಂದರೆ ಕುಟಿಲ ನೀತಿ, ಒ ಅಂದರೆ ಸುಲ್ತಾನರ ಒಕ್ಕೂಟ. ನಾಲ್ವರೂ ಒಂದೇ ರಾಗದಲ್ಲಿ ಕೂಗಲು ಶುರುಮಾಡಿದೆವು. ತರಾವೀಹ್ ಮುಗಿಸಿ ಬಂದ ಅಪ್ಪ ಹೊಸ್ತಿಲಲ್ಲಿ ನಿಂತು ಕೇಳಿದರು.

"ಯಾರ ದ್ವೇಷನೋ ಅದು?"

"ಸುಲ್ತಾನರದು ಕಾಕಾ" ಎಂದ ಗೆಳೆಯ, ಏನೂ ಕೆಡುಕಿಲ್ಲದ ದನಿಯಲ್ಲಿ.

"ಹೂಂ, ಓದ್ರಿ" ಎಂದು ಅಪ್ಪ ಒಳಗೆ ಹೋದರು. ನಾವು ಮತ್ತೆ ಕೂಗಿದೆವು. ಆದರೆ ಧ ಬಂದಾಗ ನಮ್ಮ ದನಿ ಒಂದಿಷ್ಟು ತಗ್ಗಿತ್ತು. ಮರುದಿನ ಆ ಪ್ರಶ್ನೆ ಬಂತು. ನಾವೂ ಮೊದಲನೆಯ ಕಾರಣವಾಗಿ ಅದನ್ನೇ ಬರೆದು ಬಂದೆವು.

ಆ ನಾಲ್ಕಕ್ಷರದಲ್ಲಿ ಹಿಡಿಸದೆ ಹೊರಗುಳಿದದ್ದು ಏನು ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು. 1565ರ ಜನವರಿ 23ರಂದು ಕೃಷ್ಣಾ ತೀರದಲ್ಲಿ ರಾಮರಾಯನ ಎದುರು ನಿಂತವರು ನಾಲ್ವರು: ಬಿಜಾಪುರದ ಅಲಿ ಆದಿಲ್‌ಶಾಹ, ಅಹಮದನಗರದ ಹುಸೇನ್ ನಿಜಾಮ್‌ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ, ಬೀದರಿನ ಅಲಿ ಬರೀದ್. ಬೀರಾರದವರು ಬರಲೇ ಇಲ್ಲ. ಧರ್ಮದ್ವೇಷವೇ ಮೊದಲ ಕಾರಣವಾಗಿದ್ದರೆ ಬೀರಾರಕ್ಕೆ ಬೇರೆ ಧರ್ಮವಿತ್ತೇ?

ಇನ್ನು ಗೋಲ್ಕೊಂಡದ ಇಬ್ರಾಹಿಂ. ಪಟ್ಟಕ್ಕೆ ಬರುವ ಮೊದಲು, ಸ್ವಂತ ಅಣ್ಣನಿಗೆ ಹೆದರಿ ಓಡಿದ ಈತ ಆಶ್ರಯ ಪಡೆದದ್ದು ವಿಜಯನಗರದಲ್ಲಿ, ರಾಮರಾಯನ ಬಳಿಯೇ. ಒಂದೆರಡು ದಿನವಲ್ಲ, ಸುಮಾರು ಏಳು ವರ್ಷ. 1550ರಲ್ಲಿ ಹಿಂತಿರುಗಿ ಸುಲ್ತಾನನಾದ. ತೆಲುಗು ಕವಿಗಳನ್ನು ಪೋಷಿಸಿದವನೆಂದು ಇಂದಿಗೂ ಆಂಧ್ರ, ತೆಲಂಗಾಣದವರು ನೆನೆಯುತ್ತಾರೆ. ಅಲಿ ಆದಿಲ್‌ಶಾಹನ ಕಥೆ ಇನ್ನೂ ವಿಚಿತ್ರ. ರಾಮರಾಯನ ಮಗ ತೀರಿಕೊಂಡಾಗ ಸಾಂತ್ವನ ಹೇಳಲು ತಾನೇ ವಿಜಯನಗರಕ್ಕೆ ಹೋದವನು ಈತ. ಮುಂದೆ ಇಬ್ಬರೂ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದರು.

ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದ ಫರಿಶ್ತಾ, ಆ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಅವಮಾನಿಸಿದರು, ಅದರಿಂದಲೇ ಸುಲ್ತಾನರು ಕೆರಳಿದರು ಎನ್ನುತ್ತಾನೆ. ಗೈಡಿನವರ ಧ ಅಲ್ಲಿಂದ ಬಂದಿರಲೂಬಹುದು. ಆದರೆ ಆ ಸೈನ್ಯವನ್ನು ಜೊತೆಗೆ ಕರೆದೊಯ್ದವನು ಅಲಿ ಆದಿಲ್‌ಶಾಹನೇ ಎಂಬುದನ್ನೂ ಫರಿಶ್ತಾ ಹೇಳುತ್ತಾನೆ. ಗೈಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಬ್ಬನ ಕೈಯಿಂದ ಇನ್ನೊಬ್ಬನನ್ನು ಬಡಿಸುತ್ತ, ಪ್ರತಿ ಸಲವೂ ಒಂದಿಷ್ಟು ಸೀಮೆ, ಒಂದೆರಡು ಕೋಟೆ ಕಿತ್ತುಕೊಳ್ಳುತ್ತ ರಾಮರಾಯ ಬೆಳೆದ. ಕೊನೆಗೆ ನಾಲ್ವರಿಗೂ ಅವನು ಹೊರೆಯಾದ. ಬಿಜಾಪುರ, ಅಹಮದನಗರಗಳ ನಡುವಿನ ಹಗೆ ತಣಿಯಲು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟು ಮದುವೆ ಮಾಡಬೇಕಾಯಿತು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಡಬೇಕಾಯಿತು. ಧರ್ಮವೊಂದೇ ಸಾಕಾಗಿದ್ದರೆ ಈ ಮದುವೆ, ಈ ಕೋಟೆ ಯಾತಕ್ಕೆ ಬೇಕಿತ್ತು?

ಯುದ್ಧದ ನಂತರ ವಿಜಯನಗರವನ್ನು ಲೂಟಿ ಮಾಡಿ ಹಾಳುಗೆಡವಿದ್ದು ಸುಳ್ಳಲ್ಲ. ಅದನ್ನು ಮರೆಮಾಚುವುದು ನಮ್ಮ ಉದ್ದೇಶವೂ ಅಲ್ಲ. ಹಂಪಿಯ ಒಡೆದ ಮೂರ್ತಿಗಳ ಮುಂದೆ ನಿಂತವರಿಗೆ ಯಾವ ಸಮಜಾಯಿಷಿಯೂ ಸಾಲದು. ಆದರೆ ಅದೇ ಹಂಪಿಯಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯೂ ಇದೆ. ಅದಕ್ಕೆ ಶಾಸನವೂ ಇದೆ. ಪರೀಕ್ಷೆಗೆ ಮಾತ್ರ ಅದು ಬರುವುದಿಲ್ಲ.

ಗೈಡು ಬರೆದವರನ್ನಷ್ಟೇ ದೂರುವುದು ಸುಲಭ. ಅವರಿಗೂ ಒಂದು ವಂಶಾವಳಿ ಇದೆ. ಭಾರತದ ಇತಿಹಾಸವನ್ನು ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಹೋಳು ಮಾಡಿದ ಜೇಮ್ಸ್ ಮಿಲ್ಲನ ಗ್ರಂಥ ಬಂದದ್ದು 1817ರಲ್ಲಿ. ಆತ ಈ ನೆಲಕ್ಕೆ ಕಾಲಿಟ್ಟವನೂ ಅಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು, ಜೊತೆಗೆ ಮೆಟ್ರಿಕ್ಯುಲೇಶನ್ ಪರೀಕ್ಷೆ. ನಮ್ಮ ಬಿಜಾಪುರ ಸೀಮೆಯ ಹುಡುಗರು ಮುಂಬಯಿಯ ಪರೀಕ್ಷೆಗೆ ಕುಳಿತವರು. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರದ ಮೇಲೆ ದೊಡ್ಡ ಪುಸ್ತಕ ಬರೆದು, ಮುಸ್ಲಿಮರ ವಿಸ್ತರಣೆಗೆ ಅಡ್ಡಲಾಗಿ ನಿಂತ ಹಿಂದೂ ಕೋಟೆಗೋಡೆ ಎಂಬ ಚಿತ್ರವನ್ನು ಕೊಟ್ಟ. ಆತ ಪರಿಶ್ರಮಿ, ಪೋರ್ಚುಗೀಸ್ ಪ್ರವಾಸಿಗಳ ಬರಹವನ್ನು ಹೊರತಂದ ಉಪಕಾರಿ. ಚಿತ್ರ ಮಾತ್ರ ಪಠ್ಯಕ್ಕಿಳಿದು, ಪಠ್ಯದಿಂದ ಗೈಡಿಗಿಳಿದು, ಗೈಡಿನಿಂದ ನಮ್ಮ ಪಡಸಾಲೆಗೆ ಒಂದೇ ಅಕ್ಷರವಾಗಿ ಬಂತು.

ಉತ್ತರಪತ್ರಿಕೆ ತಿದ್ದುವವರಿಗೂ ಆ ಅಕ್ಷರವೇ ಅನುಕೂಲ. ರಾಶಿ ರಾಶಿ ಉತ್ತರಪತ್ರಿಕೆ, ಒಂದೊಂದಕ್ಕೆ ಕೆಲವೇ ನಿಮಿಷ. ಅಂಶಗಳನ್ನು ಎಣಿಸಿದರೆ ಅಂಕ ಹಾಕಿದಂತೆ. ರಾಮರಾಯನ ಅರಮನೆಯಲ್ಲಿ ಏಳು ವರ್ಷ ಅನ್ನ ಉಂಡವನು ಯಾಕೆ ಅವನ ವಿರುದ್ಧ ಕತ್ತಿ ಹಿಡಿದ ಎಂದು ಒಬ್ಬ ಹುಡುಗ ಎರಡು ಪುಟ ಬರೆದರೆ ಅದನ್ನು ಓದುವ ಪುರುಸೊತ್ತು ಯಾರಿಗಿದೆ?

ಆ ರಾತ್ರಿಯ ಗೆಳೆಯ ಈಗ ಊರಿನಲ್ಲೇ ಅಂಗಡಿ ಇಟ್ಟಿದ್ದಾನೆ. ಮಾತಿಗೆ ಮಾತು ಬಂದು ತಾಳಿಕೋಟೆಯ ಪ್ರಸ್ತಾಪವಾದರೆ ಇವತ್ತಿಗೂ ಥಟ್ಟನೆ "ಧ-ರಾ-ಕು-ಒ" ಎನ್ನುತ್ತಾನೆ, ನಗುತ್ತಾನೆ. ನಾವೂ ನಗುತ್ತೇವೆ. ಧ ಎಂದರೆ ಏನು ಎಂದು ಬಿಡಿಸಿ ಹೇಳುವುದನ್ನು ಇಬ್ಬರೂ ತಪ್ಪಿಸುತ್ತೇವೆ.

ಈಚೆಗೆ ತಂಗಿಯ ಮನೆಗೆ ಹೋದಾಗ ಅವಳ ಮಗ ಮರುದಿನದ ಸಮಾಜ ವಿಜ್ಞಾನ ಪರೀಕ್ಷೆಗೆ ಓದುತ್ತಿದ್ದ. ಗೈಡಿನ ಬದಲು ಈಗ ಮೊಬೈಲು, ನಕ್ಷತ್ರದ ಬದಲು ಯಾರೋ ಕಳಿಸಿದ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ. ನಮಗೆ ತಡೆಯಲಾಗಲಿಲ್ಲ. ಇಬ್ರಾಹಿಂ ಕುತುಬ್‌ಶಾಹನ ಏಳು ವರ್ಷದ ಕಥೆ ಹೇಳಿದೆವು. ಹುಡುಗ ಪೂರ್ತಿ ಕೇಳಿದ, ಕಣ್ಣರಳಿಸಿ ಕೇಳಿದ.

"ಮಾಮು, ಇದು ಎಷ್ಟು ಮಾರ್ಕಿಗೆ ಬರ್ತದ?"

ಬರುವುದಿಲ್ಲ ಎಂದೆವು. ಹಾಗಾದರೆ ನಾಳೆ ಪರೀಕ್ಷೆ ಮುಗಿದ ಮೇಲೆ ಉಳಿದದ್ದು ಹೇಳ್ರಿ ಎಂದು ಅವನು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ.